ಕೆ.ಜಿ. ಲೆಕ್ಕದಲ್ಲಿ ಕೊಂಡ ತೆಂಗಿನಕಾಯಿಗೆ ಒಂದರ ಅಸಲು ಎಷ್ಟು? ದೇವಸ್ಥಾನದ ಎದುರಿನ ಅಂಗಡಿಯೊಂದರ ಪ್ರಕರಣ ಅಧ್ಯಯನ

ತೆಂಗಿನಕಾಯಿ ತೋಟದಿಂದ ಹೊರಟು ದೇವರ ಮುಂದೆ ಒಡೆಯುವಷ್ಟರಲ್ಲಿ ಅದಕ್ಕೆ ಬೆಲೆ ಕಟ್ಟುವ ಬಗೆ ಎರಡು ಮೂರು ಸಲ ಬದಲಾಗುತ್ತದೆ. ತುಮಕೂರು, ಹಾಸನ, ಚಿತ್ರದುರ್ಗ ಜಿಲ್ಲೆಗಳ ಬೆಳೆಗಾರರು ಇಳುವರಿಯನ್ನು ಇವತ್ತಿಗೂ ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ. ಅದೇ ಕಾಯಿ ಅಟ್ಟದಲ್ಲಿ ಒಣಗಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಎಪಿಎಂಸಿಗೆ ಹೋದರೆ ಕ್ವಿಂಟಾಲಿನ ಲೆಕ್ಕಕ್ಕೆ ಬೀಳುತ್ತದೆ. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ ₹12,100 ಎಂಬುದು ಈ ಲೆಕ್ಕಕ್ಕೆ ಸೇರಿದ್ದು. ಸುಲಿದ ಹಸಿಕಾಯಿಯಾಗಿ ಪೇಟೆಯ ಮಂಡಿಗೆ ಬಂದರೆ ಕೆ.ಜಿ.ಗೆ ಇಷ್ಟು ಎಂದಾಗುತ್ತದೆ. ಕೊನೆಗೆ ಹೂವು, ಊದುಬತ್ತಿ, ಕರ್ಪೂರದ ಪಕ್ಕದಲ್ಲಿ ಮಾರಾಟಕ್ಕೆ ಕೂತಾಗ ಮತ್ತೆ ಒಂದಕ್ಕೆ ಇಷ್ಟು ಎಂಬ ಮೊದಲಿನ ಲೆಕ್ಕವೇ ಬರುತ್ತದೆ. ತೂಕದಲ್ಲಿ ಕೊಂಡು ಎಣಿಕೆಯಲ್ಲಿ ಮಾರುವ ಈ ಕೊನೆಯ ಹಂತದಲ್ಲಿ ನಿಂತಿರುವ ಚಿಲ್ಲರೆ ವ್ಯಾಪಾರಿ, ಒಂದೊಂದು ಕಾಯಿಯೂ ತನಗೆ ಎಷ್ಟಕ್ಕೆ ಬಿದ್ದಿದೆ ಎಂಬುದನ್ನು ತಾನೇ ಕಂಡುಕೊಳ್ಳಬೇಕು. ಆ ಅಂಕಿಯನ್ನು ಅವನಿಗೆ ಯಾವ ಚೀಟಿಯೂ ಬರೆದುಕೊಡುವುದಿಲ್ಲ.

ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಡುವ ಕೆಲಸದಲ್ಲಿ ನನ್ನ ಮುಂದೆ ಬಂದ ಅಂಥ ಒಂದು ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅಂಗಡಿ ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ, ದೇವಸ್ಥಾನದ ರಥಬೀದಿಯಲ್ಲಿದೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಪೂಜೆ ಸಾಮಾನು ಅವರ ಮುಖ್ಯ ವ್ಯಾಪಾರ, ಜೊತೆಗೆ ಅಷ್ಟಿಷ್ಟು ದಿನಸಿಯೂ ಇದೆ. ಅವರ ಹೆಸರನ್ನಾಗಲಿ ಅವರಿಗೆ ಕಾಯಿ ಕೊಡುವ ಮಂಡಿಯ ಹೆಸರನ್ನಾಗಲಿ ಹೇಳುವ ಅಗತ್ಯವಿಲ್ಲ. ಓದುವವರು ಕಾಗದ ಪೆನ್ಸಿಲ್ ಹಿಡಿದು ತಾಳೆ ನೋಡಲು ಅನುಕೂಲವಾಗಲೆಂದು ಅಂಕಿಗಳನ್ನು ಸುಲಭದ ಸಂಖ್ಯೆಗಳಿಗೆ ಹೊಂದಿಸಿದ್ದೇನೆ. ಲೆಕ್ಕದ ದಾರಿಯನ್ನು ಮಾತ್ರ ಎಲ್ಲಿಯೂ ಬದಲಿಸಿಲ್ಲ.

ದೂರು ಏನಾಗಿತ್ತು

ಅಂಗಡಿಯವರ ಲೆಕ್ಕ ಸರಳವಾಗಿತ್ತು. ಮಂಡಿಯಲ್ಲಿ ಸುಲಿದ ಕಾಯಿಯ ದರ ಕೆ.ಜಿ.ಗೆ ₹60. "ಕೆ.ಜಿ.ಗೆ ಎರಡು ಬರ್ತವೆ ಸ್ವಾಮಿ" ಎಂಬುದು ಮಂಡಿಯವರ ಮಾತು. ಆ ಮಾತಿನ ಪ್ರಕಾರ ಒಂದು ಕಾಯಿಗೆ ₹30 ಬಿತ್ತು. ಅದರ ಮೇಲೆ ₹10 ಇಟ್ಟು, ಯಾವ ಕಾಯಿಯಾದರೂ ₹40 ಎಂದು ಮಾರುತ್ತಿದ್ದರು. ನಾಲ್ಕು ಚೀಲದಲ್ಲಿ 400 ಕಾಯಿ ಬರುತ್ತಿದ್ದುದರಿಂದ, ಒಂದು ಲೋಡು ಖಾಲಿಯಾದಾಗ ಕೈಯಲ್ಲಿ ₹4,000 ಉಳಿಯಬೇಕು ಎಂಬುದು ಅವರ ನಿರೀಕ್ಷೆ. ಉಳಿಯುತ್ತಿದ್ದದ್ದು ₹1,200ರ ಆಸುಪಾಸು. ಗಲ್ಲಾಪೆಟ್ಟಿಗೆಯ ಮೇಲೆ ಅನುಮಾನ ಬಂದಿತ್ತು, ಮಧ್ಯಾಹ್ನದ ಹೊತ್ತು ಅಂಗಡಿಯಲ್ಲಿ ಕೂರುತ್ತಿದ್ದ ಹುಡುಗನ ಮೇಲೂ ಅನುಮಾನ ಬಂದಿತ್ತು. ಮಂಡಿಯವರ ತೂಕದ ಮೇಲಂತೂ ಮೊದಲಿನಿಂದಲೂ ಇತ್ತು.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಪ್ರಕರಣದ ತಿರುಳು ಅದರಲ್ಲಿದೆ. ಕೆ.ಜಿ.ಗೆ ಎರಡು ಎಂಬ ಮಾತು ಸುಳ್ಳಾಗಿರಲಿಲ್ಲ. ಚೀಲ ಬಿಚ್ಚಿ ಅಷ್ಟೂ ಕಾಯಿಯನ್ನು ತೂಗಿ ಎಣಿಸಿದಾಗ 400 ಕಾಯಿಗೆ 200 ಕೆ.ಜಿ. ಬಂತು, ಅಂದರೆ ಸರಾಸರಿ ಕಾಯಿ ಸರಿಯಾಗಿ 500 ಗ್ರಾಂ ಇತ್ತು. ಸರಾಸರಿ ಇಷ್ಟು ನಿಖರವಾಗಿದ್ದೂ ವ್ಯಾಪಾರದಲ್ಲಿ ಕೊರತೆ ಬಿದ್ದಿತ್ತು. ಸರಾಸರಿ ಸರಿಯಾಗಿದ್ದರೆ ಒಂದರ ಅಸಲೂ ಸರಿಯಾಗಿರುತ್ತದೆ ಎಂಬ ನಂಬಿಕೆ ಸಣ್ಣ ವ್ಯಾಪಾರದಲ್ಲಿ ತುಂಬ ಗಟ್ಟಿಯಾದದ್ದು, ಮತ್ತು ನಾನು ನೋಡಿದ ಮಟ್ಟಿಗೆ ಅತ್ಯಂತ ದುಬಾರಿಯಾದದ್ದು.

ಮೊದಲು ಮಾರಬಹುದಾದ ಒಂದು ಕೆ.ಜಿ.ಯ ಅಸಲು

ಮಂಡಿಯ ಚೀಟಿಯಲ್ಲಿದ್ದ ತೂಕ 204 ಕೆ.ಜಿ., ಮೊತ್ತ ₹12,240. ಖಾಲಿಯಾದ ನಾಲ್ಕು ಗೋಣಿಚೀಲಗಳನ್ನೂ ಚೀಲದ ತಳದಲ್ಲಿ ಉದುರಿದ್ದ ನಾರು, ದೂಳನ್ನೂ ಒಟ್ಟಿಗೆ ತೂಕಕ್ಕೆ ಹಾಕಿದಾಗ 4 ಕೆ.ಜಿ. ತೋರಿಸಿತು. ಹಾಗಾಗಿ ಕಾಯಿ ಬಂದದ್ದು 200 ಕೆ.ಜಿ.; ಉಳಿದ 4 ಕೆ.ಜಿ.ಗೆ ಕೊಟ್ಟ ₹240 ಗೋಣಿಗೂ ನಾರಿಗೂ ಹೋಯಿತು. ಗೂಡ್ಸ್ ಆಟೊ ಬಾಡಿಗೆ ₹200, ಹಮಾಲಿ ₹160. ಈ ₹360ನ್ನು ಅಂಗಡಿಯವರು ಮನೆ ಖರ್ಚಿನ ಪುಸ್ತಕದಲ್ಲಿ ಬರೆಯುತ್ತಿದ್ದರೇ ಹೊರತು ಕಾಯಿಯ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಸೇರಿಸಿದರೆ ಒಟ್ಟು ₹12,600 ಆಗುತ್ತದೆ.

ಇನ್ನು 400ರಲ್ಲಿ ಎಲ್ಲವೂ ಮಾರಲು ಬರುವುದಿಲ್ಲ. ಚೀಲ ಇಳಿಸುವಾಗ ಸೀಳು ಬಿಟ್ಟದ್ದು ಆರು. ಅವುಗಳನ್ನು ಆ ಹೊತ್ತಿಗೇ ಪಕ್ಕದ ಹೋಟೆಲಿಗೆ ಚಟ್ನಿಗೆಂದು ತಲಾ ₹20ರಂತೆ ಕೊಟ್ಟದ್ದರಿಂದ ₹120 ಬಂತು. ಅಲ್ಲಾಡಿಸಿದರೆ ನೀರಿನ ಸದ್ದೇ ಇಲ್ಲದ, ಕಣ್ಣಿನ ಬಳಿ ಬೂಷ್ಟು ಹಿಡಿದ ಕಾಯಿ ಇನ್ನೂ ಆರು. ಅವು ಪೂಜೆಗೂ ಇಲ್ಲ, ಅಡುಗೆಗೂ ಇಲ್ಲ. ಈ ಹನ್ನೆರಡರ ತೂಕ 5 ಕೆ.ಜಿ. ಹಾಗೆಂದರೆ ಮಾರಾಟಕ್ಕೆ ಉಳಿದದ್ದು 388 ಕಾಯಿ, 195 ಕೆ.ಜಿ. ಅವುಗಳ ಮೇಲೆ ಬಿದ್ದ ಹಣ ₹12,600ರಲ್ಲಿ ₹120 ಕಳೆದು ₹12,480. ಇದನ್ನು 195ರಿಂದ ಭಾಗಿಸಿದರೆ ಮಾರಬಹುದಾದ ಒಂದು ಕೆ.ಜಿ.ಯ ನಿಜವಾದ ಅಸಲು ₹64 ಎಂದು ಸಿಗುತ್ತದೆ.

₹60ಕ್ಕೂ ₹64ಕ್ಕೂ ನಡುವಿನ ನಾಲ್ಕು ರೂಪಾಯಿ ಎಲ್ಲರಿಗೂ ಸುಲಭವಾಗಿ ಅರ್ಥವಾಗುತ್ತದೆ, ಆದುದರಿಂದ ಅದರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಒಂದು ಅಂಶವನ್ನಷ್ಟೇ ಗಮನಿಸಬೇಕು: ಭಾಗಿಸುವ ಸಂಖ್ಯೆ ಚೀಟಿಯ 204 ಅಲ್ಲ, ಚೀಲದಿಂದ ಇಳಿದ 200 ಅಲ್ಲ, ಗಿರಾಕಿಯ ಕೈಗೆ ಹೋಗಲಿರುವ 195. ತೂಕದಲ್ಲಿ ಕೊಂಡ ಯಾವುದೇ ವಸ್ತುವಿನ ಅಸಲು ತೆಗೆಯುವಾಗ ಮೇಲೆ ಬರುವ ಮೊತ್ತಕ್ಕಿಂತ ಕೆಳಗೆ ಬರುವ ತೂಕದ ಬಗ್ಗೆ ಹೆಚ್ಚು ಎಚ್ಚರ ಬೇಕಾಗುತ್ತದೆ.

ಮೂರು ರಾಶಿ

ಕೆ.ಜಿ.ಯ ಅಸಲು ಕೈಗೆ ಬಂದ ಮೇಲೆ ಒಂದರ ಅಸಲು ತೆಗೆಯಲು ಎರಡು ದಾರಿಗಳಿವೆ. ಒಟ್ಟು ಮೊತ್ತವನ್ನು 388 ಕಾಯಿಗೆ ಹಂಚಿದರೆ ತಲಾ ₹32.16 ಬರುತ್ತದೆ. ಈ ಅಂಕಿ ತಪ್ಪಲ್ಲ. ಎಲ್ಲ ಕಾಯಿಯೂ ಒಂದೇ ಗಾತ್ರದ್ದಾಗಿದ್ದರೆ, ಅಥವಾ ಗಿರಾಕಿಗಳು ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಒಯ್ಯುತ್ತಿದ್ದರೆ, ಇದರಿಂದಲೇ ವ್ಯಾಪಾರ ನಡೆಯುತ್ತಿತ್ತು. ಗಿರಾಕಿ ಹಾಗೆ ಮಾಡುವುದಿಲ್ಲ. ಅವನು ರಾಶಿಯ ಮುಂದೆ ಬಗ್ಗುತ್ತಾನೆ, ಒಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾನೆ, ಇನ್ನೊಂದನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾನೆ, ಎರಡನ್ನೂ ಎರಡು ಅಂಗೈಯಲ್ಲಿ ತೂಗಿ ನೋಡುತ್ತಾನೆ, ಭಾರವಾದದ್ದನ್ನು ಮುಂದೆ ಚಾಚಿ "ಅಕ್ಕಾ, ಇದನ್ನ ಕೊಡಿ" ಎನ್ನುತ್ತಾನೆ. ಎಲ್ಲಕ್ಕೂ ಒಂದೇ ಬೆಲೆ ಇರುವ ರಾಶಿಯಲ್ಲಿ ಭಾರವಾದದ್ದನ್ನು ಆರಿಸುವುದು ಅವನ ಹಕ್ಕು, ಅದು ಬುದ್ಧಿವಂತಿಕೆಯೂ ಹೌದು. ಆದರೆ ಅಂಗಡಿಯವರು ಹಣ ಕೊಟ್ಟಿರುವುದು ಆ ಭಾರಕ್ಕೇ.

ಆದ್ದರಿಂದ ಎರಡನೆಯ ದಾರಿ, ಅಂದರೆ ಕಾಯಿಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ ಪ್ರತಿ ಗಾತ್ರಕ್ಕೂ ಅದರದೇ ತೂಕದ ಮೇಲೆ ಅಸಲು ತೆಗೆಯುವುದು. ಇದಕ್ಕಾಗಿ 388 ಕಾಯಿಯನ್ನೂ ಒಂದೊಂದಾಗಿ ತೂಗಬೇಕಿಲ್ಲ. ಅಂಗಡಿಯಾಕೆ ಮಾದರಿಗೆಂದು ಒಂದು ಸಣ್ಣ ಕಾಯಿ, ಒಂದು ಮಧ್ಯಮದ್ದು, ಒಂದು ದಪ್ಪನೆಯದನ್ನು ಮುಂದಿಟ್ಟುಕೊಂಡು ಕಣ್ಣಳತೆಯಲ್ಲೇ ಮೂರು ರಾಶಿ ಮಾಡಿದರು. ಅನುಮಾನ ಬಂದ ಕಾಯಿಯನ್ನಷ್ಟೇ ತೂಕದ ಯಂತ್ರದ ಮೇಲಿಟ್ಟು ತೀರ್ಮಾನಿಸಿದರು. ಆಮೇಲೆ ಪ್ರತಿ ರಾಶಿಯನ್ನೂ ಬುಟ್ಟಿ ಬುಟ್ಟಿಯಾಗಿ ತೂಗಿ, ಬುಟ್ಟಿಯ ತೂಕ ಕಳೆದು, ಕಾಯಿ ಎಣಿಸಿ ಬರೆದುಕೊಂಡರು. ಸಣ್ಣ ಕಾಯಿ 120, ತೂಕ 45 ಕೆ.ಜಿ., ಅಂದರೆ ಒಂದಕ್ಕೆ 375 ಗ್ರಾಂ. ಮಧ್ಯಮ ಕಾಯಿ 168, ತೂಕ 84 ಕೆ.ಜಿ., ಒಂದಕ್ಕೆ 500 ಗ್ರಾಂ. ದಪ್ಪ ಕಾಯಿ 100, ತೂಕ 66 ಕೆ.ಜಿ., ಒಂದಕ್ಕೆ 660 ಗ್ರಾಂ.

ಕೆ.ಜಿ.ಗೆ ₹64ರಂತೆ ಗುಣಿಸಿದರೆ ಸಣ್ಣದರ ಅಸಲು ₹24, ಮಧ್ಯಮದ್ದು ₹32, ದಪ್ಪದ್ದು ₹42.24. ಮೂರು ರಾಶಿಯ ಅಸಲನ್ನು ಕೂಡಿಸಿ ತಾಳೆ ನೋಡುವುದನ್ನು ಎಂದಿಗೂ ಬಿಡಬಾರದು: ₹2,880, ₹5,376 ಮತ್ತು ₹4,224 ಸೇರಿ ಸರಿಯಾಗಿ ₹12,480 ಆಗುತ್ತದೆ. ಕೂಡಿದ ಮೊತ್ತ ಖರ್ಚಿನ ಮೊತ್ತಕ್ಕೆ ಹೊಂದದಿದ್ದರೆ ಎಣಿಕೆಯಲ್ಲೋ ಬುಟ್ಟಿಯ ತೂಕದಲ್ಲೋ ಎಲ್ಲೋ ತಪ್ಪಿದೆ ಎಂದೇ ತಿಳಿಯಬೇಕು.

ದಪ್ಪ ಕಾಯಿಯ ₹42.24 ಎಂಬ ಅಂಕಿಯನ್ನು ಬರೆದು ತೋರಿಸಿದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎಲ್ಲಕ್ಕಿಂತ ಬೇಗ ಖರ್ಚಾಗುತ್ತಿದ್ದ ಕಾಯಿಯನ್ನು ಅವರು ಒಂದೊಂದಕ್ಕೂ ₹2.24 ಕೈಯಿಂದ ಹಾಕಿ ಮಾರುತ್ತಿದ್ದರು. ವ್ಯಾಪಾರ ಚುರುಕಾಗಿದೆ ಎಂದು ಅವರಿಗೆ ಅನಿಸಿದ ದಿನಗಳಲ್ಲೇ ನಷ್ಟ ಆಗುತ್ತಿತ್ತು.

₹2,760 ಹೋದದ್ದೆಲ್ಲಿ

ಒಂದೇ ಬೆಲೆಯ ಆ ಲೋಡಿನ ಮಾರಾಟ ಹೀಗೆ ನಡೆದಿತ್ತು. ದಪ್ಪ ಕಾಯಿ ನೂರೂ ಮೊದಲು ಹೋದವು, ₹4,000 ಬಂತು. ಮಧ್ಯಮದ 168 ನಂತರ ಹೋದವು, ₹6,720 ಬಂತು. ಸಣ್ಣ 120ರಲ್ಲಿ ಬೇರೇನೂ ಇಲ್ಲದ ಹೊತ್ತಿನಲ್ಲಿ ಬಂದ ಗಿರಾಕಿಗಳು 50ನ್ನು ₹40ಕ್ಕೆ ಕೊಂಡರು. ಅಷ್ಟರಲ್ಲಿ ಹೊಸ ಲೋಡು ಬಂತು. ಹೊಸ ಕಾಯಿ ಮೇಲೆ ಬಿದ್ದ ಮೇಲೆ ಹಳೆಯ ಸಣ್ಣ ಕಾಯಿಯನ್ನು ಯಾರೂ ಮುಟ್ಟಲಿಲ್ಲ. ಅದರಲ್ಲಿ 50ನ್ನು ₹20ರಂತೆ ಮಾರಿ ಮುಗಿಸಬೇಕಾಯಿತು, 20 ಕೆಟ್ಟೇ ಹೋದವು. ಒಟ್ಟು ಬಂದ ಹಣ ₹13,720. ಅದರಲ್ಲಿ ₹12,480 ಅಸಲು ಹೋಗಿ ಉಳಿದದ್ದು ₹1,240.

ನಿರೀಕ್ಷೆಯ ₹4,000ಕ್ಕೂ ಈ ₹1,240ಕ್ಕೂ ನಡುವಿನ ಅಂತರ ₹2,760. ಅದರಲ್ಲಿ ಚೀಲದ ತೂಕ, ಆಟೊ, ಹಮಾಲಿಗೆ ಹೋದದ್ದು ₹600. ಕೆಟ್ಟ ಮತ್ತು ಸೀಳಿದ ಹನ್ನೆರಡು ಕಾಯಿಯಿಂದ ₹480 ಬರುತ್ತದೆಂದು ಎಣಿಸಿದ್ದ ಕಡೆ ₹120 ಮಾತ್ರ ಬಂದದ್ದರಿಂದ ₹360. ಉಳಿದ ₹1,800 ಪೂರ್ತಿ ಸಣ್ಣ ಕಾಯಿಯ ರಾಶಿಯದ್ದು: 50 ಕಾಯಿಗೆ ತಲಾ ₹20 ಕಡಿಮೆ ಬಂತು, 20 ಕಾಯಿಗೆ ತಲಾ ₹40 ಬರಲೇ ಇಲ್ಲ. ಗಲ್ಲಾಪೆಟ್ಟಿಗೆಯಿಂದ ಒಂದು ರೂಪಾಯಿಯೂ ಎಲ್ಲಿಗೂ ಹೋಗಿರಲಿಲ್ಲ. ಈ ಮಾತನ್ನು ಆ ಹುಡುಗನ ಎದುರಿಗೇ ಹೇಳಬೇಕೆಂದು ನಾನು ಕೇಳಿಕೊಂಡೆ, ಅಂಗಡಿಯವರೂ ಅದನ್ನು ಒಪ್ಪಿ ನಡೆಸಿಕೊಟ್ಟರು. ಲೆಕ್ಕ ಗೊತ್ತಿಲ್ಲದ ಕಡೆ ಕೊರತೆ ಬಿದ್ದಾಗ ಅದು ಯಾವಾಗಲೂ ಕೈಗೆಳಗಿನವರ ಮೇಲೆ ಅಪವಾದವಾಗಿ ಬೀಳುತ್ತದೆ. ಒಂದರ ಅಸಲು ಗೊತ್ತಿರಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಹಣದಷ್ಟೇ ಇದೂ ಕಾರಣ.

ಇಷ್ಟು ವರ್ಷ ಈ ಪದ್ಧತಿಯಲ್ಲೇ ನಡೆದ ವ್ಯಾಪಾರಕ್ಕೆ ಈಗೇಕೆ ಹೊಡೆತ ಬಿತ್ತು ಎಂದು ಅವರು ಕೇಳಿದ ಪ್ರಶ್ನೆಯೂ ನ್ಯಾಯವಾದದ್ದು. ಸಣ್ಣ ಕಾಯಿಗೂ ದಪ್ಪ ಕಾಯಿಗೂ ತೂಕದಲ್ಲಿರುವ ವ್ಯತ್ಯಾಸ 285 ಗ್ರಾಂ. ಕಾಯಿ ಕೆ.ಜಿ.ಗೆ ₹25 ಇದ್ದಾಗ ಅದರ ಬೆಲೆ ಏಳು ರೂಪಾಯಿಯಷ್ಟು. ಒಂದರ ಮೇಲೆ ಇಟ್ಟ ಲಾಭದಲ್ಲಿ ಅದು ಮುಚ್ಚಿಹೋಗುತ್ತಿತ್ತು. 2025ರಲ್ಲಿ ಕಾಯಿಯ ಬೆಲೆ ಏರಿ ಕೆ.ಜಿ.ಗೆ ₹60 ದಾಟಿದಾಗ ಅದೇ 285 ಗ್ರಾಂ ಹದಿನೇಳು ರೂಪಾಯಿಗೆ ಏರಿತು, ಇಟ್ಟ ಲಾಭ ಮಾತ್ರ ಹತ್ತೇ ರೂಪಾಯಿ ಇತ್ತು. ದರ ಕಡಿಮೆ ಇದ್ದಾಗ ಕಣ್ಣಿಗೆ ಬೀಳದ ಅಂತರ, ದರ ಏರಿದಾಗ ಲಾಭಕ್ಕಿಂತ ದೊಡ್ಡದಾಗಿ ಬೆಳೆದು ನಿಂತಿತು.

ಯಾರಿಗೆ ಯಾವ ಕಾಯಿ ಬೇಕು

ಮೂರು ಬೆಲೆ ಇಡಿ ಎಂದಾಗ ಅಂಗಡಿಯವರಿಗೆ ಇದ್ದ ಹೆದರಿಕೆ ಏನೆಂದರೆ, ಸಣ್ಣ ಕಾಯಿಯನ್ನು ಯಾರೂ ಕೇಳುವುದೇ ಇಲ್ಲವಲ್ಲ ಎಂಬುದು. ರಥಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ವಿಷಯ ಬೇರೆಯೇ ಇತ್ತು. ಹಣ್ಣುಕಾಯಿ ಮಾಡಿಸುವವರಿಗೆ ಕಾಯಿ ಇಷ್ಟೇ ತೂಗಬೇಕೆಂಬ ನಿಯಮವಿಲ್ಲ. ಜುಟ್ಟಿರಬೇಕು, ಒಡೆದಾಗ ಒಳಗೆ ಚೆನ್ನಾಗಿರಬೇಕು, ಅಷ್ಟೇ. ಈಡುಗಾಯಿಯ ಹರಕೆ ಹೊತ್ತವರಿಗಂತೂ ಎಣಿಕೆಯೇ ಮುಖ್ಯ: ಹನ್ನೊಂದು, ಇಪ್ಪತ್ತೊಂದು, ನೂರೊಂದು. ಅವರಿಗೆ ಸಣ್ಣ ಕಾಯಿಯೇ ಅನುಕೂಲ, ಮತ್ತು ಅವರೆಲ್ಲ ಅದನ್ನು ಕೊಳ್ಳುತ್ತಲೂ ಇದ್ದರು, ಆದರೆ ದೇವಸ್ಥಾನದ ಮೂಲೆಯಲ್ಲಿ ನಿಲ್ಲುವ ಕೈಗಾಡಿಯಲ್ಲಿ, ₹30ರಂತೆ. ಕಲಶಕ್ಕೆ ಕೊಳ್ಳುವವರು ದುಂಡಗಿನ, ಅಂದವಾದ, ಸ್ವಲ್ಪ ದೊಡ್ಡ ಕಾಯಿಯನ್ನೇ ಹುಡುಕುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ವಾರದಲ್ಲಿ ಅದಕ್ಕೆ ಎರಡು ಮಾತಾಡದೆ ಹೆಚ್ಚು ಕೊಡುತ್ತಾರೆ. ಅಡುಗೆಗೆ ಕೊಳ್ಳುವವರಿಗೆ ಬೇಕಾದದ್ದು ಭಾರ. ಹೀಗೆ ಗಿರಾಕಿಗಳು ಆಗಲೇ ಮೂರು ಬಗೆಯಾಗಿದ್ದರು. ಬೆಲೆ ಒಂದೇ ಇದ್ದುದರಿಂದ ಸಣ್ಣ ಕಾಯಿಯ ಗಿರಾಕಿ ಈ ಅಂಗಡಿಗೆ ಬರುತ್ತಿರಲಿಲ್ಲ.

ಲಾಭವನ್ನು ಹೇಗೆ ಇಡಬೇಕು ಎಂಬಲ್ಲಿ ನಮ್ಮೊಳಗೆ ಸ್ವಲ್ಪ ಚರ್ಚೆ ನಡೆಯಿತು. ಅಸಲಿನ ಮೇಲೆ ನೂರಕ್ಕೆ ಇಪ್ಪತ್ತೈದು ಎಂದು ಇಟ್ಟರೆ ₹30, ₹40, ₹52.80 ಬರುತ್ತದೆ. ಒಂದು ಕಾಯಿಗೆ ಎಂಟು ರೂಪಾಯಿ ಎಂದು ಸಮನಾಗಿ ಇಟ್ಟರೆ ₹32, ₹40, ₹50.24. ನನ್ನ ಒಲವು ಎರಡನೆಯದರ ಕಡೆಗಿತ್ತು, ಏಕೆಂದರೆ ನಾರು ಕೀಳುವುದು, ಒರೆಸುವುದು, ಚೀಲಕ್ಕೆ ಹಾಕಿಕೊಡುವುದು, ಚಿಲ್ಲರೆ ಎಣಿಸುವುದು ಇವೆಲ್ಲ ಸಣ್ಣ ಕಾಯಿಗೂ ದಪ್ಪ ಕಾಯಿಗೂ ಒಂದೇ ಕೆಲಸ. ಅದು ತೂಕದೊಂದಿಗೆ ಹೆಚ್ಚುವುದಿಲ್ಲ. ಆದರೆ ಎದುರಿಗೆ ಕೈಗಾಡಿಯ ₹30 ನಿಂತಿತ್ತು, ಚಿಲ್ಲರೆಯ ತಾಪತ್ರಯವೂ ಇತ್ತು. ಕೊನೆಗೆ ₹30, ₹40, ₹50 ಎಂದು ತೀರ್ಮಾನವಾಯಿತು. ಲಾಭ ಸಣ್ಣದರಲ್ಲಿ ₹6, ಮಧ್ಯಮದ್ದರಲ್ಲಿ ₹8, ದಪ್ಪದ್ದರಲ್ಲಿ ₹7.76. ಲೋಡು ಪೂರ್ತಿ ಈ ಬೆಲೆಗೆ ಹೋದರೆ ₹15,320 ಬಂದು ₹2,840 ಉಳಿಯುತ್ತದೆ. ಅವರು ಮೊದಲು ಎಣಿಸಿದ್ದ ₹4,000 ಅಲ್ಲ, ನಿಜ; ಅದು ಎಂದೂ ಇರದಿದ್ದ ಹಣ. ನಿಜವಾಗಿ ಬರುತ್ತಿದ್ದ ₹1,240ಕ್ಕಿಂತ ಇದು ₹1,600 ಹೆಚ್ಚು.

ಮೂರು ಬುಟ್ಟಿ, ಮೂರು ರಟ್ಟಿನ ಚೀಟಿ. ಬುಟ್ಟಿಗಳ ನಡುವೆ ಕಾಯಿ ಬೆರೆಯದಂತೆ ನೋಡಿಕೊಳ್ಳುವುದೊಂದೇ ಇದರಲ್ಲಿ ಹೊಸದಾಗಿ ಸೇರಿದ ಶ್ರಮ. ಪ್ರತಿ ಬುಟ್ಟಿಯಲ್ಲೂ ಗಿರಾಕಿ ಈಗಲೂ ಭಾರವಾದದ್ದನ್ನೇ ಆರಿಸುತ್ತಾನೆ, ಆದರೆ ಒಂದೇ ಬುಟ್ಟಿಯೊಳಗೆ ಇರುವ ವ್ಯತ್ಯಾಸ ಕಡಿಮೆಯಾದುದರಿಂದ ಆ ಆಯ್ಕೆಯಿಂದ ಅಂಗಡಿಗೆ ಆಗುವ ಹಾನಿಯೂ ಕಡಿಮೆ.

ಹೋಟೆಲಿನವರ ಲೆಕ್ಕ ಬೇರೆ

ಪಕ್ಕದ ಹೋಟೆಲಿನವರು ಒಂದು ಮಾತು ಎತ್ತಿದರು: ನಮಗೆ ಬೇಕಾದದ್ದು ಕಾಯಿಯೂ ಅಲ್ಲ, ಕೆ.ಜಿ.ಯೂ ಅಲ್ಲ, ತುರಿ. ಅವರ ಮಾತಿನಲ್ಲಿ ಹುರುಳಿದೆ. ಅಂಗಡಿಯ ಕಟ್ಟೆಯ ಮೇಲೇ 520 ಗ್ರಾಂನ ಒಂದು ಕಾಯಿಯನ್ನು ಒಡೆದು ಭಾಗ ಭಾಗವಾಗಿ ತೂಗಿದೆವು. ಜುಟ್ಟು ಮತ್ತು ಅಂಟಿಕೊಂಡಿದ್ದ ನಾರು 15 ಗ್ರಾಂ, ಲೋಟಕ್ಕೆ ಹಿಡಿದ ನೀರು 105 ಗ್ರಾಂ, ಕರಟ 120 ಗ್ರಾಂ, ಒಳಗಿನ ಬಿಳಿ ಭಾಗ 280 ಗ್ರಾಂ. ಈ ಕಾಯಿಯ ಅಸಲು ಕೆ.ಜಿ.ಗೆ ₹64ರಂತೆ ₹33.28, ಅಷ್ಟೂ ಹಣವನ್ನು 280 ಗ್ರಾಂ ಮೇಲೆ ಹಾಕಿದರೆ ಕಾಯಿಯ ತಿರುಳಿಗೆ ಕೆ.ಜಿ.ಗೆ ₹118.86 ಬಿದ್ದಂತಾಯಿತು. ಆಮೇಲೆ 360 ಗ್ರಾಂನ ಸಣ್ಣ ಕಾಯಿ ಒಡೆದೆವು: ನಾರು 12, ನೀರು 68, ಕರಟ 100, ತಿರುಳು 180. ಅಸಲು ₹23.04, ತಿರುಳಿಗೆ ಕೆ.ಜಿ.ಗೆ ₹128. ಎರಡೇ ಕಾಯಿಯಿಂದ ಎಲ್ಲ ಕಾಯಿಗೂ ಅನ್ವಯಿಸುವ ತೀರ್ಮಾನಕ್ಕೆ ಬರಲಾಗದು. ತಳಿ, ಬಲಿತ ಪ್ರಮಾಣ, ಕೊಯ್ದು ಎಷ್ಟು ದಿನವಾಯಿತು ಎಂಬುದರ ಮೇಲೆ ಈ ಪಾಲು ಬದಲಾಗುತ್ತದೆ. ಆದರೂ ಕೆ.ಜಿ. ದರ ಒಂದೇ ಆಗಿದ್ದಾಗಲೂ ಬಳಕೆಗೆ ಸಿಗುವ ಭಾಗದ ದರ ಒಂದೇ ಆಗಿರುವುದಿಲ್ಲ ಎಂಬುದನ್ನು ಈ ಎರಡು ಕಾಯಿ ಚೆನ್ನಾಗಿ ತೋರಿಸಿದವು. ಈ ಎರಡರ ಮಟ್ಟಿಗೆ ಹೋಟೆಲಿಗೆ ದೊಡ್ಡ ಕಾಯಿಯೇ ಲಾಭ. ಅವರಿಗೆ ದಪ್ಪ ಕಾಯಿಯನ್ನು ತೂಕದಲ್ಲೇ, ಕೆ.ಜಿ.ಗೆ ₹75ರಂತೆ ಕೊಡುವುದೆಂದು ಮಾತಾಯಿತು. ಒಂದಕ್ಕೆ ₹49.50 ಆಗುವುದರಿಂದ ಅಂಗಡಿಗೂ ಹೆಚ್ಚುಕಡಿಮೆ ಅದೇ ಬೆಲೆ ಸಿಕ್ಕಿತು.

ತೂಕದಲ್ಲಿ ಮಾರಲು ಹೊರಟಾಗ ಮಾತ್ರ ಒಂದು ಹೊಸ ವಿಷಯ ಲೆಕ್ಕಕ್ಕೆ ಬರುತ್ತದೆ. ಸುಲಿದ ಕಾಯಿ ಇಟ್ಟಷ್ಟು ದಿನವೂ ಒಳಗಿನ ನೀರು ಆರಿ ಹಗುರವಾಗುತ್ತಾ ಹೋಗುತ್ತದೆ. ಎಣಿಕೆಯಲ್ಲಿ ಮಾರುವವನಿಗೆ ಇದರಿಂದ ಒಂದರ ಅಸಲು ಬದಲಾಗುವುದಿಲ್ಲ; ಕೊಂಡ ದಿನ ₹32 ಬಿದ್ದ ಕಾಯಿ, ಕೆಡದೆ ಇರುವವರೆಗೆ ₹32ರ ಕಾಯಿಯೇ. ತೂಕದಲ್ಲಿ ಮಾರುವವನಿಗೆ ಹಾಗಲ್ಲ. 195 ಕೆ.ಜಿ. ಕಾಯಿ ನೂರಕ್ಕೆ ಮೂರರಷ್ಟು ಆರಿತು ಎಂದಿಟ್ಟುಕೊಂಡರೆ ಉಳಿಯುವುದು 189.15 ಕೆ.ಜಿ., ಅಸಲು ಕೆ.ಜಿ.ಗೆ ಸುಮಾರು ₹66 ಆಗುತ್ತದೆ. ಆದ್ದರಿಂದ ಹೋಟೆಲಿಗೆ ಕೊಡುವ ಕಾಯಿಯನ್ನು ಲೋಡು ಬಂದ ದಿನವೇ, ತಡವಾದರೆ ಮರುದಿನ, ತೂಗಿಕೊಟ್ಟುಬಿಡಬೇಕೆಂದು ಹೇಳಿದೆ.

ತೂಕದ ಯಂತ್ರದ ಬಗ್ಗೆಯೂ ಒಂದು ಮಾತು. ಇಷ್ಟು ದಿನ ಅದು ಸಕ್ಕರೆ, ಬೇಳೆ ತೂಗಲು ಮಾತ್ರ ಇತ್ತು. ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕಿಸಿಕೊಳ್ಳಬೇಕಾದದ್ದು ಕಾನೂನಿನ ಕಟ್ಟಳೆ. ಅದನ್ನು ಅವರು ತಪ್ಪದೆ ಪಾಲಿಸಿದ್ದರಿಂದ ಮಂಡಿಯವರ ಜೊತೆ ಮಾತಾಡುವಾಗ ತಮ್ಮ ಅಂಕಿಯನ್ನು ಧೈರ್ಯವಾಗಿ ಮುಂದಿಡಲು ಸಾಧ್ಯವಾಯಿತು.

ಮಂಡಿಯವರ ಜೊತೆಗಿನ ಮಾತು, ಮುಂದಿನ ಲೋಡು

ಮಂಡಿಯವರ ತೂಕದಲ್ಲಿ ಮೋಸವಿರಲಿಲ್ಲ, 204 ಕೆ.ಜಿ. ಎಂದದ್ದು ಚೀಲ ಸಹಿತ 204 ಕೆ.ಜಿ.ಯೇ ಆಗಿತ್ತು. ಹಾಗಾಗಿ ಜಗಳಕ್ಕೆ ಕಾರಣವಿರಲಿಲ್ಲ, ಕೇಳಬೇಕಾದದ್ದು ಚೀಲಕ್ಕೆ ಒಂದು ಕೆ.ಜಿ. ವಜಾ, ಅಂದರೆ ತೂಕದಲ್ಲಿ ಕಡಿತ, ಮಾತ್ರ. ಖಾಲಿ ಚೀಲವನ್ನೂ ನಾರನ್ನೂ ಅವರ ಮುಂದೆಯೇ ತೂಗಿ ತೋರಿಸಿದ ಮೇಲೆ ಅವರು ಒಪ್ಪಿದರು. ಎಣಿಕೆಯ ವ್ಯಾಪಾರದಲ್ಲಿ ಕೊಸರು, ಅಂದರೆ ಎಣಿಕೆಯ ಮೇಲೆ ಒಂದಿಷ್ಟು ಹೆಚ್ಚಿಗೆ, ಕೇಳುವ ರೂಢಿ ಹಳೆಯದು, ತೂಕದ ವ್ಯಾಪಾರಕ್ಕೆ ಬಂದ ಮೇಲೆ ಅದರ ಜಾಗದಲ್ಲಿ ವಜಾ ಕೇಳಬೇಕು. ಅನೇಕ ಚಿಲ್ಲರೆ ವ್ಯಾಪಾರಿಗಳು ಕೊಸರನ್ನೂ ಬಿಟ್ಟು, ವಜಾವನ್ನೂ ಕೇಳದೆ ಇರುವುದನ್ನು ನೋಡಿದ್ದೇನೆ. ವಜಾ ಸಿಕ್ಕರೆ ಅದೇ ಲೋಡಿಗೆ ಬಿಲ್ಲು ₹12,000, ಎಲ್ಲ ಸೇರಿ ಉಳಿಯುವ ಅಸಲು ₹12,240, ಕೆ.ಜಿ.ಗೆ ₹62.77.

ದರ ಮಾತ್ರ ವಾರ ವಾರವೂ ಏರಿಳಿಯುತ್ತದೆ. ಪ್ರತಿ ಸಲ ಮೊದಲಿನಿಂದ ಲೆಕ್ಕ ಹಾಕುವ ತಾಳ್ಮೆ ವ್ಯಾಪಾರದ ಗಡಿಬಿಡಿಯಲ್ಲಿ ಯಾರಿಗೂ ಇರುವುದಿಲ್ಲ, ಆದ್ದರಿಂದ ಒಂದು ಸಣ್ಣ ಸೂತ್ರವನ್ನು ರಟ್ಟಿನ ಮೇಲೆ ಬರೆದು ಗಲ್ಲಾಪೆಟ್ಟಿಗೆಯ ಒಳಗೆ ಅಂಟಿಸಿದ್ದೇವೆ: ಮಂಡಿಯ ದರ ಕೆ.ಜಿ.ಗೆ ಒಂದು ರೂಪಾಯಿ ಏರಿದರೆ ಸಣ್ಣ ಕಾಯಿಯ ಅಸಲು 38 ಪೈಸೆ, ಮಧ್ಯಮದ್ದು 51 ಪೈಸೆ, ದಪ್ಪದ್ದು 68 ಪೈಸೆ ಏರುತ್ತದೆ. ಇಳಿದರೆ ಅಷ್ಟೇ ಇಳಿಯುತ್ತದೆ. 200 ಕೆ.ಜಿ.ಗೆ ಹಣ ಕೊಟ್ಟು 195 ಕೆ.ಜಿ. ಮಾರುವುದರಿಂದ ಒಂದು ರೂಪಾಯಿಯ ಏರಿಕೆ ಮಾರಾಟದ ಕೆ.ಜಿ.ಗೆ ₹1.026 ಆಗುತ್ತದೆ, ಅದನ್ನು ಆಯಾ ಕಾಯಿಯ ತೂಕದಿಂದ ಗುಣಿಸಿ ಬಂದ ಅಂಕಿಗಳಿವು. ಹಬ್ಬದ ಮುಂಚೆ ದರ ₹66ಕ್ಕೆ ಹೋದರೆ ಸಣ್ಣದಕ್ಕೆ ₹2.31, ಮಧ್ಯಮದಕ್ಕೆ ₹3.08, ದಪ್ಪದಕ್ಕೆ ₹4.06 ಸೇರುತ್ತದೆ; ಎಲ್ಲಕ್ಕೂ ಸಮನಾಗಿ ಮೂರು ರೂಪಾಯಿ ಏರಿಸಿದರೆ ಅದೇ ಹಳೆಯ ತೊಂದರೆ ಸಣ್ಣದಾಗಿ ಮತ್ತೆ ಶುರುವಾಗುತ್ತದೆ. ಈ ಸೂತ್ರ ನಿಲ್ಲುವುದು ಮೂರು ರಾಶಿಯ ಸರಾಸರಿ ತೂಕ ಬದಲಾಗದೆ ಇರುವವರೆಗೆ ಮಾತ್ರ. ಮಳೆ ಕೈಕೊಟ್ಟ ವರ್ಷ ಕಾಯಿಯ ಗಾತ್ರವೇ ಕುಗ್ಗುತ್ತದೆ, ಬೇರೆ ಸೀಮೆಯ ಕಾಯಿ ಬಂದರೂ ತೂಕ ಬದಲಾಗುತ್ತದೆ. ಆದುದರಿಂದ ಪ್ರತಿ ಲೋಡಿನಲ್ಲೂ ಪ್ರತಿ ಬುಟ್ಟಿಯಿಂದ ಇಪ್ಪತ್ತು ಕಾಯಿಯನ್ನು ಒಟ್ಟಿಗೆ ತೂಗಿ ನೋಡಬೇಕು. ಆ ಇಪ್ಪತ್ತನ್ನು ಬುಟ್ಟಿಯ ಮೇಲಿನಿಂದಷ್ಟೇ ತೆಗೆಯಬಾರದು. ಮೇಲಿನ ಕಾಯಿ ಇಡೀ ಬುಟ್ಟಿಯನ್ನು ಪ್ರತಿನಿಧಿಸುತ್ತದೆ ಎಂದು ನಂಬಲು ಕಾರಣವಿಲ್ಲ.

ಒಂದು ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ಕೆಟ್ಟ ಹಾಗೂ ಸೀಳಿದ ಹನ್ನೆರಡು ಕಾಯಿಯ ನಷ್ಟವನ್ನು ನಾವು ಮೂರು ರಾಶಿಗೂ ತೂಕದ ಪ್ರಕಾರ ಹಂಚಿದ್ದೇವೆ. ಆ ಹನ್ನೆರಡರ ತೂಕ 5 ಕೆ.ಜಿ., ಅಂದರೆ ಒಂದಕ್ಕೆ ಸುಮಾರು 417 ಗ್ರಾಂ. ಇಡೀ ಲೋಡಿನ ಸರಾಸರಿ 500 ಗ್ರಾಂ. ಕೆಡುವ ಕಾಯಿ ಸಣ್ಣ ಗಾತ್ರದಲ್ಲೇ ಹೆಚ್ಚು ಬರುತ್ತಿರಬಹುದು ಎಂಬ ಸಂದೇಹಕ್ಕೆ ಇಷ್ಟು ಸಾಕು, ತೀರ್ಪಿಗೆ ಸಾಲದು. ಹಾಗೇನಾದರೂ ಇದ್ದರೆ ಆ ನಷ್ಟದ ಹೆಚ್ಚಿನ ಪಾಲನ್ನು ಸಣ್ಣ ಕಾಯಿಯೇ ಹೊರಬೇಕಾಗುತ್ತದೆ, ಅದರ ₹6 ಲಾಭ ಇನ್ನಷ್ಟು ತೆಳುವಾಗುತ್ತದೆ. ತೆಗೆದುಹಾಕುವ ಪ್ರತಿಯೊಂದು ಕಾಯಿಯನ್ನೂ ಅದು ಯಾವ ಬುಟ್ಟಿಗೆ ಸೇರಬೇಕಿತ್ತೆಂದು ನೋಡಿ ಪುಸ್ತಕದಲ್ಲಿ ಗೆರೆ ಎಳೆದಿಡಲು ಅಂಗಡಿಯಾಕೆಗೆ ಹೇಳಿದ್ದೇನೆ. ಕೆಲವು ಲೋಡಿನ ಗೆರೆಗಳು ಸೇರಿದ ಮೇಲೆ ಸಣ್ಣ ಕಾಯಿಯ ₹30 ಹಾಗೇ ಇರುತ್ತದೋ, ₹32 ಆಗುತ್ತದೋ, ಅಥವಾ ಮಂಡಿಯವರ ಬಳಿ ಸಣ್ಣ ಕಾಯಿ ಹೆಚ್ಚಿರುವ ಚೀಲಕ್ಕೆ ಬೇರೆ ದರವನ್ನೇ ಕೇಳಬೇಕಾಗುತ್ತದೋ ಎಂಬುದನ್ನು ನೋಡಬೇಕು.